ಶಾಲೆಯ ಅಂಗಳದಲ್ಲಿ ನೆರಳು ಗಡಿಯಾರ: ನಾವು ಕಟ್ಟಿದ ಬಗೆ

ಧಾರವಾಡದ ಹತ್ತಿರದ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಈಗ ಒಂದು ಬಿಳಿ ಹಲಗೆ ದಕ್ಷಿಣಕ್ಕೆ ತುಸು ವಾಲಿಕೊಂಡು ನಿಂತಿದೆ. ಅದರ ನಡುವಿನಿಂದ ಎರಡೂ ಕಡೆಗೆ ಕಬ್ಬಿಣದ ಸರಳು ಚಾಚಿಕೊಂಡಿದೆ. ಬಿಸಿಲಿದ್ದರೆ ಸರಳಿನ ನೆರಳು ಹಲಗೆಯ ಮೇಲೆ ಬಿದ್ದು ಹೊತ್ತು ತೋರಿಸುತ್ತದೆ. ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳು ನವೆಂಬರ್‌ನಲ್ಲಿ ಹಿಡಿದು ಮಾರ್ಚ್‌ವರೆಗೆ ಮಾಡಿದ ಕೆಲಸ ಇದು. ಬೇರೆ ಶಾಲೆಯವರಿಗೂ ಉಪಯೋಗಕ್ಕೆ ಬರಲಿ ಎಂದು ಅಳತೆಗಳ ಸಮೇತ ಬರೆದಿಡುತ್ತಿದ್ದೇನೆ.

ಇದನ್ನೇ ಯಾಕೆ ಆರಿಸಿಕೊಂಡೆವು ಎಂದರೆ, ಪ್ರಾಥಮಿಕ ಶಾಲೆಯ ಮಕ್ಕಳ ಕೈಗೆ ಈಗ ಬರುವ ವಿಜ್ಞಾನದ ಕಿಟ್‌ಗಳಲ್ಲಿ ಬಹಳಷ್ಟು ಕೆಲಸ ಮೊದಲೇ ಮುಗಿದಿರುತ್ತದೆ. ತಂತಿ ಸಿಕ್ಕಿಸಿದರೆ ದೀಪ ಹತ್ತುತ್ತದೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಪೆಟ್ಟಿಗೆ ಕಪಾಟಿಗೆ ಹೋಗುತ್ತದೆ. ನನಗೆ ಬೇಕಿದ್ದದ್ದು ಮಕ್ಕಳೇ ಅಳೆದು, ಕೊಯ್ದು, ನಿಲ್ಲಿಸಿ, ಆಮೇಲೆ ಅದು ಸರಿ ಹೇಳುತ್ತಿದೆಯೋ ಇಲ್ಲವೋ ಎಂದು ತಾವೇ ಪರೀಕ್ಷಿಸಬಹುದಾದ ಒಂದು ಉಪಕರಣ. ಸೂರ್ಯ ದಿನಾ ಬರುತ್ತಾನೆ, ಕರೆಂಟ್ ಬೇಡ, ಹೋಲಿಸಿ ನೋಡಲು ಗೋಡೆಯ ಗಡಿಯಾರ ಇದ್ದೇ ಇದೆ.

ನೆರಳು ಗಡಿಯಾರದಲ್ಲಿ ಹಲವು ಬಗೆ. ನೆಲಕ್ಕೆ ಸಮತಟ್ಟಾಗಿ ಮಲಗಿಸುವ ಬಗೆಯಲ್ಲಿ ಗಂಟೆಯ ಗೆರೆಗಳ ನಡುವಿನ ಕೋನ ಒಂದೇ ಸಮ ಇರುವುದಿಲ್ಲ, ಅದಕ್ಕೆ ತ್ರಿಕೋನಮಿತಿ ಬೇಕು. ಮಗುವೇ ನಡುವೆ ನಿಂತು ತನ್ನ ನೆರಳಿನಿಂದ ಹೊತ್ತು ನೋಡುವ ದೊಡ್ಡ ಅಂಡಾಕಾರದ ಬಗೆ ನೋಡಲು ಚಂದ, ಆದರೆ ಅದು ಯುರೋಪಿನಂಥ ಉತ್ತರದ ನಾಡುಗಳಿಗೇ ಹೊಂದುತ್ತದೆ. ನಮ್ಮ ಅಕ್ಷಾಂಶದಲ್ಲಿ ಆ ಅಂಡಾಕಾರ ಚಪ್ಪಟೆಯಾಗಿಬಿಡುತ್ತದೆ: ನಡುವಿನಿಂದ ಪೂರ್ವಕ್ಕೆ ಎರಡು ಮೀಟರ್ ಇಟ್ಟರೆ ಉತ್ತರಕ್ಕೆ ಸಿಗುವುದು 53 ಸೆಂಟಿಮೀಟರ್ ಮಾತ್ರ. ಮೇಲಾಗಿ ಬೇಸಿಗೆಯ ನಡುಹಗಲಿಗೆ ಮಗುವಿನ ನೆರಳು ಕಾಲಡಿಯಲ್ಲೇ ಉಳಿಯುತ್ತದೆ. ಆದ್ದರಿಂದ ಹಲಗೆಯನ್ನು ಭೂಮಧ್ಯರೇಖೆಗೆ ಸಮಾಂತರವಾಗಿ, ಸರಳನ್ನು ಧ್ರುವ ನಕ್ಷತ್ರದ ಕಡೆಗೆ ನಿಲ್ಲಿಸುವ ಬಗೆಯನ್ನು ಹಿಡಿದೆವು. ಜೈಪುರದ ಜಂತರ್ ಮಂತರ್‌ನಲ್ಲಿ ಸವಾಯಿ ಜೈಸಿಂಗ್ ಕಟ್ಟಿಸಿದ ನಾಡೀವಲಯ ಯಂತ್ರ ಈ ಬಗೆಯದೇ: ಒಂದು ಮುಖ ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಇದರಲ್ಲಿ ಗಂಟೆಯ ಗೆರೆಗಳೆಲ್ಲ ಸಮ ದೂರ. 360ನ್ನು 24ರಿಂದ ಭಾಗಿಸಿದರೆ 15. ಐದನೆಯ ತರಗತಿಯವರಿಗೆ ಕೋನಮಾಪಕ ಹಿಡಿಯಲು ಬಂದರೆ ಸಾಕು.

ಮೊದಲು ಎಲ್ಲರೂ ರಟ್ಟಿನ ಮಾದರಿ ಮಾಡಿದರು. ನೋಟ್‌ಬುಕ್ಕಿನ ಹಳೆಯ ರಟ್ಟಿನಲ್ಲಿ ಕೈವಾರದಿಂದ 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು ಕತ್ತರಿಸುವುದು, ಎರಡೂ ಮುಖಕ್ಕೆ ಹದಿನೈದು ಹದಿನೈದು ಡಿಗ್ರಿಗೆ ಗೆರೆ ಹಾಕುವುದು, ನಡುವೆ ಕಸಬರಿಗೆಯ ನೇರ ಕಡ್ಡಿ ಚುಚ್ಚುವುದು. ಕಡ್ಡಿಯ ತುದಿ ಹಾಗೂ ರಟ್ಟಿನ ಕೆಳಗಿನ ಅಂಚು ಎರಡೂ ಮೇಜಿಗೆ ತಾಗಿ ನಿಲ್ಲಬೇಕು. ಹಿಂದೆ ಚಾಚುವ ಕಡ್ಡಿಗೆ ಮಕ್ಕಳು ಬಾಲ ಎಂದು ಹೆಸರಿಟ್ಟರು. ಆ ಬಾಲದ ಉದ್ದವೇ ಊರಿನ ಅಕ್ಷಾಂಶವನ್ನು ಹೇಳುತ್ತದೆ. ಧಾರವಾಡ ಸುಮಾರು ಹದಿನೈದೂವರೆ ಡಿಗ್ರಿ ಉತ್ತರದಲ್ಲಿದೆ, ಇಲ್ಲಿಗೆ ಬಾಲ 18 ಸೆಂ.ಮೀ. ಇದೇ ರಟ್ಟನ್ನು ದಿಲ್ಲಿಗೆ ಒಯ್ದರೆ 9 ಸೆಂ.ಮೀ. ಸಾಕು, ಕನ್ಯಾಕುಮಾರಿಗೆ ಒಯ್ದರೆ 35 ಬೇಕು. ಮೂರೂ ಬಾಲದ ಮಾದರಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಅಕ್ಷಾಂಶ ಎನ್ನುವುದು ನಕ್ಷೆಯ ಮೇಲಿನ ಗೆರೆಯಾಗಿ ಉಳಿಯಲಿಲ್ಲ. ಯಾವ ರಟ್ಟು ಎಷ್ಟು ವಾಲಿದೆ ಎಂದು ಬಗ್ಗಿ ನೋಡಿದ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು, ಕನ್ಯಾಕುಮಾರಿಗಿಂತ ಇನ್ನೂ ಕೆಳಗೆ ಹೋದರೆ ರಟ್ಟು ನೆಟ್ಟಗೆ ನಿಂತುಬಿಡುತ್ತದಲ್ಲ ಎಂದು ತಾನೇ ಹೇಳಿದಳು. ಭೂಮಧ್ಯರೇಖೆಯ ಮೇಲೆ ಆಗುವುದು ಅದೇ.

ದೊಡ್ಡದಕ್ಕೆ ಜಾಗ ಹುಡುಕುವಾಗ ಉತ್ತರ ದಿಕ್ಕು ಬೇಕಾಯಿತು. ಮೊಬೈಲ್‌ನ ದಿಕ್ಸೂಚಿಯನ್ನು ಧ್ವಜಸ್ತಂಭದ ಹತ್ತಿರ ಒಯ್ದರೆ ಮುಳ್ಳು ಒಂದು ಕಡೆ, ಬೇವಿನ ಮರದ ಕೆಳಗೆ ಇನ್ನೊಂದು ಕಡೆ. ಕಬ್ಬಿಣ ಇದ್ದಲ್ಲಿ ಅದನ್ನು ನಂಬುವಂತಿಲ್ಲ. ಅದಕ್ಕೇ ಶಂಕುವಿನ, ಅಂದರೆ ನೆಟ್ಟಗೆ ನಿಲ್ಲಿಸಿದ ಕೋಲಿನ, ಹಳೆಯ ವಿಧಾನಕ್ಕೆ ಹೋದೆವು. ಪರಸಿ ಕಲ್ಲಿನ ಮೇಲೆ ನೀರು ಸುರಿದು, ಅದು ಯಾವ ಕಡೆಗೂ ಹರಿಯದ ಹಾಗೆ ಕೆಳಗೆ ಉಸುಕು ತುಂಬಿ ಮಟ್ಟ ಮಾಡಿದರು. ನಡುವೆ 30 ಸೆಂ.ಮೀ. ಎತ್ತರದ ಕೋಲು. ಅದರ ಸುತ್ತ ಸೀಮೆಸುಣ್ಣದಿಂದ ಬೇರೆ ಬೇರೆ ಅಳತೆಯ ವೃತ್ತಗಳು. ಬೆಳಿಗ್ಗೆ ಉದ್ದವಿದ್ದ ನೆರಳಿನ ತುದಿ ಒಳಗೆ ಸರಿಯುತ್ತಾ ಒಂದು ವೃತ್ತವನ್ನು ದಾಟುವಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಹೊರಗೆ ಹೋಗುತ್ತಾ ಅದೇ ವೃತ್ತವನ್ನು ದಾಟುವಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದ ಗೆರೆಯೇ ಪೂರ್ವ ಪಶ್ಚಿಮ. ಒಂದಕ್ಕಿಂತ ಹೆಚ್ಚು ವೃತ್ತ ಇರಲೇಬೇಕು. ಮೋಡ ಬಂದು ಒಂದು ಗುರುತು ತಪ್ಪಿದರೆ ಇನ್ನೊಂದು ವೃತ್ತ ಕೈಹಿಡಿಯುತ್ತದೆ. ಡಿಸೆಂಬರ್‌ನ ಎರಡನೆಯ ಅರ್ಧ ಈ ಕೆಲಸಕ್ಕೆ ತಕ್ಕ ಕಾಲ, ಯಾಕೆಂದರೆ ಆಗ ಸೂರ್ಯನ ಉತ್ತರ ದಕ್ಷಿಣ ಸರಿದಾಟ ಬಹುತೇಕ ನಿಂತಿರುತ್ತದೆ.

ನಡುಹಗಲಿಗೆ ಮಕ್ಕಳು ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಚುಕ್ಕಿ ಇಡುತ್ತಿದ್ದರು. ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ ಎಂದು ಎಲ್ಲರೂ ಕಲಿತವರೇ. ಗಡಿಯಾರದಲ್ಲಿ ಹನ್ನೆರಡಾಯಿತು, ಚುಕ್ಕಿ ಇಟ್ಟರು, ಎದ್ದು ನಿಂತರು. ಅಳತೆಪಟ್ಟಿ ಹಿಡಿದಿದ್ದ ಹುಡುಗ ಮಾತ್ರ ಏಳಲಿಲ್ಲ. "ಸರ್, ಹನ್ನೆರಡ ಹೊಡದ ಮ್ಯಾಲೂ ನೆಳ್ಳ ಸಣ್ಣ ಆಗಾಕತ್ತೈತ್ರಿ" ಎಂದ. ಮತ್ತೆ ಎಲ್ಲರೂ ಕುಳಿತರು. ನೆರಳು ಇನ್ನೂ ಕಿರಿದಾಯಿತು, ಆಮೇಲೆ ಹನ್ನೆರಡೂಕಾಲು ದಾಟಿ ಹನ್ನೆರಡೂವರೆಯ ಆಸುಪಾಸಿನಲ್ಲಿ ಅದರ ಉದ್ದ ಬದಲಾಗದೆ ನಿಂತಂತೆ ಕಂಡಿತು. ಅತಿ ಕಿರಿದಾದ ಕ್ಷಣ ಯಾವುದು ಎಂದು ಹೇಳಲು ಆಗುವುದೇ ಇಲ್ಲ, ಹತ್ತು ನಿಮಿಷದ ಚುಕ್ಕಿಗಳು ಪಕ್ಕಕ್ಕೆ ಸರಿದರೂ ಕೋಲಿನಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ. ದಿಕ್ಕು ಹಿಡಿಯಲು ಬೆಳಗಿನ ಗುರುತನ್ನೂ ಸಂಜೆಯ ಗುರುತನ್ನೂ ಜೋಡಿಸುವುದು ಯಾಕೆ ಎಂದು ಅಲ್ಲಿಯೇ ಅರ್ಥವಾಯಿತು. ಹನ್ನೆರಡಕ್ಕೆ ಯಾಕೆ ಆಗಲಿಲ್ಲ ಎಂಬುದನ್ನು ನಾನು ಆ ದಿನ ಹೇಳಲಿಲ್ಲ. ಪ್ರಶ್ನೆ ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟೆವು.

ಹಲಗೆಗೆ 19 ಮಿ.ಮೀ. ಮರೈನ್ ಪ್ಲೈ ತುಂಡು, ಅಗಲ 50, ಎತ್ತರ 70 ಸೆಂ.ಮೀ. ದುಂಡಗೆ ಕೊಯ್ಯುವ ತೊಂದರೆಗೆ ಹೋಗಲಿಲ್ಲ. ಮೇಲಿನ ಭಾಗದಲ್ಲಿ 45 ಸೆಂ.ಮೀ. ವ್ಯಾಸದ ವೃತ್ತ, ಕೆಳಗೆ ಉಳಿದ ಪಟ್ಟಿ ಬೋಲ್ಟ್ ಹಾಕಲು. ಈ ಅಳತೆಯಲ್ಲಿ ಅಂಚಿನ ಮೇಲೆ ಒಂದು ಗಂಟೆ ಎಂದರೆ 5.9 ಸೆಂ.ಮೀ., ಹತ್ತು ನಿಮಿಷ ಹೆಚ್ಚುಕಡಿಮೆ ಒಂದು ಸೆಂ.ಮೀ. ಮಕ್ಕಳ ಕಣ್ಣಿಗೂ ಕುಂಚಕ್ಕೂ ಅದು ಸಾಕಷ್ಟು ದೊಡ್ಡದು. ಸರಳು 6 ಮಿ.ಮೀ. ದಪ್ಪದ್ದು, ಒಟ್ಟು 30 ಸೆಂ.ಮೀ., ಗ್ರಿಲ್ ಮಾಡುವ ಅಂಗಡಿಯಲ್ಲಿ ಉಳಿದ ತುಂಡು. ಹಲಗೆಯಿಂದ ಎರಡೂ ಕಡೆ ಕನಿಷ್ಠ 10 ಸೆಂ.ಮೀ. ಹೊರಗಿರಬೇಕು, ಇಲ್ಲವಾದರೆ ಡಿಸೆಂಬರ್ ಮತ್ತು ಜೂನ್ ಕೊನೆಯಲ್ಲಿ ನೆರಳು ಅಂಚಿನ ಅಂಕಿಗಳನ್ನು ಮುಟ್ಟುವುದಿಲ್ಲ. ಡ್ರಿಲ್ ನಾನು ಹಿಡಿದೆ. ಪಾಲಿಶ್ ಪೇಪರ್ ಉಜ್ಜುವುದು, ಸರಳಿನ ತುದಿಯನ್ನು ಅರದಿಂದ ಉಜ್ಜಿ ನುಣುಪು ಮಾಡುವುದು, ಮೂಲೆಮಟ್ಟ ಇಟ್ಟು ಸರಳು ಹಲಗೆಗೆ ನಾಲ್ಕೂ ಕಡೆಯಿಂದ ಲಂಬವಾಗಿದೆಯೇ ನೋಡುವುದು ಮಕ್ಕಳ ಪಾಲು. ಆಟಿಕೆಯ ಅರ, ಆಟಿಕೆಯ ಸುತ್ತಿಗೆ ಕೊಡಬೇಡಿ. ಒಳ್ಳೆಯ ಉಪಕರಣ ಕೊಟ್ಟು, ಹಿಡಿಯುವ ರೀತಿ ಒಮ್ಮೆ ತೋರಿಸಿ, ಪಕ್ಕದಲ್ಲಿ ನಿಂತರೆ ಒಂಬತ್ತು ಹತ್ತು ವರ್ಷದ ಮಕ್ಕಳು ನಾವು ಎಣಿಸಿದ್ದಕ್ಕಿಂತ ಜೋಪಾನವಾಗಿ ಕೆಲಸ ಮಾಡುತ್ತಾರೆ.

ಕಟ್ಟೆ ಕಟ್ಟಿಕೊಟ್ಟವರು ನಮ್ಮ ವಿದ್ಯಾರ್ಥಿಯೊಬ್ಬನ ತಂದೆ, ಗೌಂಡಿ ಕೆಲಸದವರು. ಕಟ್ಟೆಯ ತಲೆಗೆ ಎರಡು ಆ್ಯಂಗಲ್ ಹೂತು, ಅದಕ್ಕೆ ಹಲಗೆ ಬಿಗಿಯುವುದು. ಹಲಗೆಯ ಅಡ್ಡ ಅಂಚು ನಾವು ಕಂಡುಕೊಂಡ ಪೂರ್ವ ಪಶ್ಚಿಮ ಗೆರೆಯ ಮೇಲೇ ಇರಬೇಕು, ಮೇಲಿನ ತುದಿ ದಕ್ಷಿಣಕ್ಕೆ ವಾಲಬೇಕು. ಎಷ್ಟು ವಾಲಬೇಕೆಂದು ಕೋನದಲ್ಲಿ ಹೇಳಿದರೆ ಯಾರ ಕೈಗೂ ಸಿಗುವುದಿಲ್ಲ, ಅದಕ್ಕೆ ಉದ್ದದಲ್ಲಿ ಹೇಳಿದೆವು: ಮೇಲಿನ ಅಂಚಿನಿಂದ ತೂಗುಗುಂಡು ಇಳಿಬಿಟ್ಟಾಗ ದಾರದ ಮೇಲೆ 50 ಸೆಂ.ಮೀ. ಕೆಳಗೆ ದಾರಕ್ಕೂ ಹಲಗೆಗೂ ನಡುವಿನ ಅಂತರ 13.8 ಸೆಂ.ಮೀ. "ಇಷ್ಟ ವರ್ಷ ನೆಟ್ಟಗ ನಿಲ್ಲಸಾಕ ಗುಂಡ ಹಿಡದೇನ್ರಿ ಸರ್, ವಾಲಸಾಕ ಹಿಡದದ್ದು ಇದ ಮೊದಲ" ಎಂದು ಅವರು ನಗುತ್ತಲೇ, ಮಿಲಿಮೀಟರ್ ಲೆಕ್ಕದಲ್ಲಿ ಬೆಣೆ ಹೊಡೆದು ಕೂರಿಸಿದರು. ಅವರ ಮಗ ಪಟ್ಟಿ ಹಿಡಿದು ಅಪ್ಪನಿಗೆ ಅಳತೆ ಓದಿ ಹೇಳುತ್ತಿದ್ದ.

ಬಣ್ಣ ಹಾಕುವ ಮುಂಚೆ ಕಾಗದದ ಮುಖ ಅಂಟಿಸಿ ನೋಡಿದ್ದು ಈ ಇಡೀ ಕೆಲಸದಲ್ಲಿ ಹೆಚ್ಚು ಕಲಿಸಿದ ಭಾಗ. ಮಕ್ಕಳು ಡ್ರಾಯಿಂಗ್ ಹಾಳೆಯಲ್ಲಿ ಗಂಟೆಯ ಗೆರೆ ಎಳೆದು, ನೇರ ಕೆಳಗೆ 12 ಬರೆದು, ಅಂಕಿಗಳನ್ನು ಗಡಿಯಾರ ತಿರುಗುವ ದಿಕ್ಕಿನಲ್ಲಿ ಬರೆದಿದ್ದರು. ಅದರದೇ ಪ್ರತಿ ಮಾಡಿ ಇನ್ನೊಂದು ಮುಖಕ್ಕೂ ಅಂಟಿಸಿದರು. ಚಳಿಗಾಲದಲ್ಲಿ ಬಿಸಿಲು ಬೀಳುವುದು ದಕ್ಷಿಣದ ಮುಖಕ್ಕೆ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಹೋಗಿ ನೋಡಿದವಳು ಓಡುತ್ತ ಬಂದಳು: "ಹತ್ತೂವರಿಗೆ ಎರಡ ತೋರಸಾಕತ್ತೈತ್ರಿ ಸರ್, ಉಲ್ಟಾ ಐತ್ರಿ." ಏನು ಉಲ್ಟಾ ಎಂದು ಅವರೇ ಹುಡುಕಲಿ ಎಂದು ಬ್ಯಾಟರಿ ಕೊಟ್ಟು ರಟ್ಟಿನ ಮಾದರಿಯ ಮುಂದೆ ಕೂರಿಸಿದೆ. ಒಬ್ಬ ಬ್ಯಾಟರಿಯನ್ನು ಪೂರ್ವದಿಂದ ಪಶ್ಚಿಮಕ್ಕೆ ಒಯ್ದ, ಇಬ್ಬರು ಎರಡು ಕಡೆಯಿಂದ ನೋಡಿದರು. ಉತ್ತರದ ಕಡೆ ಕುಳಿತವನಿಗೆ ನೆರಳು ಗಡಿಯಾರದಂತೆ ತಿರುಗಿತು, ದಕ್ಷಿಣದ ಕಡೆಯವನಿಗೆ ಅದರ ವಿರುದ್ಧ. ಒಂದೇ ನೆರಳು ಬೇರೆ ಬೇರೆ ದಿಕ್ಕಿಗೆ ತಿರುಗುವುದು ಹೇಗೆ ಎಂದು ಇಬ್ಬರೂ ಜಗಳಾಡಿ, ಜಾಗ ಬದಲಿಸಿಕೊಂಡು ಮತ್ತೆ ನೋಡಿದರು. ಆಮೇಲೆ ದಕ್ಷಿಣದ ಹಾಳೆ ಕಿತ್ತು ಹೊಸದು ಬರೆದರು: ಎಡಕ್ಕೆ ಬೆಳಗಿನ ಗಂಟೆಗಳು, ಬಲಕ್ಕೆ ಸಂಜೆಯವು.

ಹೊಸ ಹಾಳೆ ಹತ್ತೂವರೆಗೆ ಹತ್ತು ತೋರಿಸಿತು. ಹನ್ನೆರಡೂವರೆಗೆ ಹನ್ನೆರಡು. ಎಷ್ಟು ಹೊತ್ತಿಗೆ ನೋಡಿದರೂ ಸುಮಾರು ಅರ್ಧ ಗಂಟೆ ಹಿಂದೆ. ಹಲಗೆ ಸರಿ ಕೂರಿಸಿಲ್ಲ ಎಂದರು ಕೆಲವರು, ತೂಗುಗುಂಡು ತಂದು ಮತ್ತೆ ಅಳೆದರು, ಸರಿಯಿತ್ತು. ಕರಿಹಲಗೆಯ ಮೂಲೆಯಲ್ಲಿದ್ದ ಹಳೆಯ ಪ್ರಶ್ನೆಯನ್ನು ಐದನೆಯ ತರಗತಿಯವರೇ ಇದಕ್ಕೆ ಜೋಡಿಸಿದರು: ಕೋಲಿನ ನೆರಳೂ ಹನ್ನೆರಡೂವರೆಯ ಹತ್ತಿರವೇ ಕಿರಿದಾಗಿತ್ತಲ್ಲ. ಆಗ ಗೋಲ ತೆಗೆದೆ. ಭಾರತದ ಗಡಿಯಾರಗಳೆಲ್ಲ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತಿನ ಮೇಲೆ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದು ಕಾಕಿನಾಡದ ಬಳಿ ಸಮುದ್ರಕ್ಕೆ ಇಳಿಯುತ್ತದೆ. 1906ರಿಂದ ಈ ಲೆಕ್ಕ ಇದೆ. ಧಾರವಾಡ ಇರುವುದು 75 ಡಿಗ್ರಿಯಲ್ಲಿ. ನಡುವೆ ಏಳೂವರೆ ಡಿಗ್ರಿ, ಒಂದು ಡಿಗ್ರಿ ದಾಟಲು ಸೂರ್ಯನಿಗೆ 4 ನಿಮಿಷ. ಗುಣಿಸಿ 30 ಬಂದಾಗ ತರಗತಿಯಲ್ಲಿ ಎದ್ದ ಗದ್ದಲ ಪಕ್ಕದ ಕೋಣೆಯವರನ್ನೂ ಕರೆತಂದಿತು. ಮಿರ್ಜಾಪುರದ ಹುಡುಗರಿಗೆ ನಡುಹಗಲಾದ ಅರ್ಧ ಗಂಟೆಗೆ ನಮಗೆ ನಡುಹಗಲು. ಇದನ್ನು ಪಾಠದಲ್ಲಿ ನಾನು ಹಿಂದೆಯೂ ಹೇಳಿದ್ದೇನೆ. ಆದರೆ ಆ ಅರ್ಧ ಗಂಟೆಯನ್ನು ತಾವೇ ಅಳೆದು, ಅದಕ್ಕೆ ಕಾರಣ ಬೇಕೆಂದು ಕೇಳುವ ಮಕ್ಕಳಿಗೆ ಹೇಳುವುದು ಬೇರೆಯೇ.

ಸರಿಪಡಿಸುವುದು ಸುಲಭ. ಹಾಳೆಯನ್ನು ಏಳೂವರೆ ಡಿಗ್ರಿ ತಿರುಗಿಸಿ, ನೇರ ಕೆಳಗೆ ಹನ್ನೆರಡೂವರೆ ಬರುವಂತೆ ಮಾಡಿದರೆ ಆಯಿತು. ಡಿಸೆಂಬರ್ 25ರ ಆಸುಪಾಸಿನಲ್ಲಿ ಹೀಗೆ ತಿರುಗಿಸಿದರೆ ನೆರಳು ಮತ್ತು ಗಡಿಯಾರ ಒಂದಾಗುತ್ತವೆ. ಅದಾದ ಮೇಲೆಯೇ ಕಾರ್ಬನ್ ಕಾಗದ ಇಟ್ಟು ಗೆರೆ ಇಳಿಸಿದರು. ಪ್ರೈಮರ್ ಒಂದು ಕೈ, ಬಿಳಿ ಎನಾಮೆಲ್ ಎರಡು ಕೈ ಮೊದಲೇ ಆಗಿತ್ತು. ಪ್ಲೈನ ಅಂಚಿಗೆ ಪ್ರೈಮರ್ ಚೆನ್ನಾಗಿ ಕುಡಿಸಬೇಕು, ನೀರು ಒಳಹೋಗುವುದು ಅಲ್ಲಿಂದಲೇ. ಕಪ್ಪು ಬಣ್ಣದಲ್ಲಿ ಗಂಟೆ, ಕಾಲುಗಂಟೆ. ಒಬ್ಬ ಹುಡುಗನ ಅಜ್ಜ ಈಗಲೂ ಗಳಿಗೆ ಲೆಕ್ಕದಲ್ಲೇ ಮಾತಾಡುತ್ತಾರೆಂದು ಗೊತ್ತಾಗಿ ಹೊರ ಅಂಚಿಗೆ ಕೆಂಪಿನಲ್ಲಿ ಗಳಿಗೆಯ ಗೆರೆಗಳೂ ಬಂದವು. ದಿನಕ್ಕೆ 60 ಗಳಿಗೆ, ಒಂದಕ್ಕೆ 24 ನಿಮಿಷ, ಅಂದರೆ ಸರಿಯಾಗಿ 6 ಡಿಗ್ರಿ. ಕೋನಮಾಪಕಕ್ಕೆ ಇದು ಗಂಟೆಗಿಂತಲೂ ಒಗ್ಗುವ ಅಳತೆ.

ಓದುವ ರೀತಿಯನ್ನೂ ಕಲಿಸಬೇಕು. ನೆರಳಿನ ಅಂಚು ಚೂಪಾಗಿರುವುದಿಲ್ಲ, ಸೂರ್ಯ ಒಂದು ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ನಮ್ಮ ಹಲಗೆಯ ಅಂಚಿನಲ್ಲಿ ನೆರಳಿನ ಬದಿಗಳು ಎರಡು ಮಿಲಿಮೀಟರ್‌ನಷ್ಟು ಮಸುಕಾಗುತ್ತವೆ. ಎಡ ಅಂಚು ಒಮ್ಮೆ, ಬಲ ಅಂಚು ಒಮ್ಮೆ ಓದಿ ನಡುವಿನದನ್ನು ತೆಗೆದುಕೊಂಡರೆ ಎರಡು ನಿಮಿಷದೊಳಗೆ ಹೊತ್ತು ಸಿಗುತ್ತದೆ. ಸೂರ್ಯನತ್ತ ನೋಡಬಾರದು, ನೆರಳಿನತ್ತ ಮಾತ್ರ ಎಂಬ ಮಾತನ್ನು ಹಲಗೆಯ ಕೆಳಗೇ ಬರೆಸಿದ್ದೇವೆ.

ದಿನಾ ಬಿಸಿಯೂಟದ ಗಂಟೆಗೆ ಮುಂಚೆ ಇಬ್ಬರು ಹೋಗಿ ನೆರಳಿನ ಹೊತ್ತು, ಮೊಬೈಲ್ ಹೊತ್ತು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯುವುದು ಎಂದು ಮಾಡಿದೆವು. ಜನವರಿ ಕಳೆಯುತ್ತಾ ನೆರಳು ಮತ್ತೆ ಹಿಂದೆ ಬೀಳತೊಡಗಿತು. ಮೊದಲಿಗೆ ದಿನಕ್ಕೆ ಅರ್ಧ ನಿಮಿಷದಷ್ಟು, ಗಣರಾಜ್ಯೋತ್ಸವದ ಹೊತ್ತಿಗೆ ಹನ್ನೆರಡು ನಿಮಿಷ ದಾಟಿತ್ತು. ಸರಳು ಸಡಿಲಾಗಿದೆಯೆಂದು ಬೋಲ್ಟ್ ಬಿಗಿದರು. ಸಡಿಲಾಗಿದ್ದರೆ ದಿನಾ ಇಷ್ಟಿಷ್ಟೇ ಲೆಕ್ಕದಲ್ಲಿ ಬೀಳುವುದೇ ಎಂದು ಕೇಳಿದೆ. ಚೌಕುಳಿ ಹಾಳೆಯ ಮೇಲೆ ಚುಕ್ಕಿ ಇಟ್ಟು ನೋಡಿದಾಗ ನುಣುಪಾದ ಬಾಗು ಬಂತು. ಫೆಬ್ರವರಿ 11ರ ಸುಮಾರಿಗೆ 14 ನಿಮಿಷಕ್ಕೆ ಮುಟ್ಟಿ, ಅಲ್ಲಿಂದ ಕಡಿಮೆಯಾಗತೊಡಗಿತು. ಎರಡು ಕಾರಣ: ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದು, ಮತ್ತು ಭೂಮಿ ಸೂರ್ಯನನ್ನು ಸುತ್ತುವ ವೇಗ ವರ್ಷವಿಡೀ ಒಂದೇ ಇಲ್ಲದಿರುವುದು. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಹತ್ತಿರವಿದ್ದು ಬೇಗ ಓಡುತ್ತದೆ. ಡಿಸೆಂಬರ್ ಕೊನೆಗೆ ಒಂದು ನಡುಹಗಲಿಂದ ಇನ್ನೊಂದು ನಡುಹಗಲಿಗೆ 24 ಗಂಟೆಯ ಮೇಲೆ ಅರ್ಧ ನಿಮಿಷ ಹೆಚ್ಚು. ಎರಡನೆಯ ಕಾರಣ ಐದನೆಯವರಿಗೆ ಹಿಡಿಸಿತು. ಮೊದಲನೆಯದನ್ನು ಮಾದರಿಯಿಲ್ಲದೆ ಆ ವಯಸ್ಸಿಗೆ ತುರುಕಬಾರದು ಎಂದು ನನ್ನ ಅನಿಸಿಕೆ, ಹೆಸರಷ್ಟೇ ಹೇಳಿ ಬಿಟ್ಟೆ. ಅವರ ಕೈಯಲ್ಲಿ ಬಾಗು ಇದೆ. ನವೆಂಬರ್ ಮೊದಲ ವಾರಕ್ಕೆ ನೆರಳು ಗಡಿಯಾರಕ್ಕಿಂತ 16 ನಿಮಿಷ ಮುಂದೆ ಇರುವುದನ್ನು ಆರನೆಯ ತರಗತಿಗೆ ಹೋದ ಮೇಲೆ ಇದೇ ಮಕ್ಕಳು ನೋಡಲಿದ್ದಾರೆ.

ಮಾರ್ಚ್‌ನಲ್ಲಿ ನೆರಳು ತೆಳ್ಳಗೆ, ಉದ್ದಕ್ಕೆ ಹಲಗೆ ಸವರಿಕೊಂಡು ಹೋಗತೊಡಗಿತು. 20ರ ಹೊತ್ತಿಗೆ ಬಿಸಿಲು ಹಲಗೆಯ ಅಂಚಿಗೆ ನೇರವಾಗಿ ಬಿದ್ದು ಎರಡೂ ಮುಖ ಮಂಕಾದವು. ಕೆಲ ದಿನ ಗಡಿಯಾರ ನಿಂತ ಹಾಗೆಯೇ. ಕೆಟ್ಟಿತೆಂದು ಯಾರೂ ಹೇಳಲಿಲ್ಲ, ರಟ್ಟಿನ ಮಾದರಿಯಲ್ಲಿ ಬ್ಯಾಟರಿ ಹಿಡಿದು ಇದನ್ನು ಮೊದಲೇ ನೋಡಿದ್ದರು. ಪರೀಕ್ಷೆಯ ದಿನಗಳಲ್ಲಿ ಉತ್ತರದ ಮುಖದ ಮೇಲೆ ಬಿಸಿಲು ಹತ್ತಿತು, ಸೆಪ್ಟೆಂಬರ್ 23ರವರೆಗೆ ಅದೇ ಮುಖ. ಒಂದು ತೊಂದರೆ ಹೇಳಲೇಬೇಕು: ಉತ್ತರದ ಮುಖ ಕೆಲಸ ಮಾಡುವ ತಿಂಗಳುಗಳಲ್ಲಿ ನಮಗೆ ಒಂದೋ ಬೇಸಿಗೆ ರಜೆ, ಇಲ್ಲವೇ ಮಳೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರ ಸೂರ್ಯ ಧಾರವಾಡದ ನೆತ್ತಿಯ ಮೇಲೆ ಬಂದು ಕೋಲಿಗೆ ನೆರಳೇ ಇಲ್ಲದಾಗುತ್ತದೆ. ಮೊದಲನೆಯದು ರಜೆಯಲ್ಲಿ, ಎರಡನೆಯದು ಮೋಡದಲ್ಲಿ. ರಜೆಯಲ್ಲಿ ನೋಡಲು ಊರಲ್ಲೇ ಇರುವ ಮಕ್ಕಳಿಗೆ ಕೋಲು, ಪರಸಿ ಕಲ್ಲು ಎರಡನ್ನೂ ಅಂಗಳದಲ್ಲೇ ಬಿಟ್ಟಿದ್ದೇವೆ. ಶಾಲೆಯ ಕೆಲಸಕ್ಕೆ ಹೆಚ್ಚು ಒದಗುವುದು ದಕ್ಷಿಣದ ಮುಖವೇ. ಒಂದೇ ಮುಖಕ್ಕೆ ಸಾಕಾಗುವಷ್ಟು ಬಣ್ಣವಿದ್ದರೆ ಅದಕ್ಕೆ ಹಾಕಿ.

ಬೇರೆ ಊರಿನವರಿಗೆ ಬದಲಾಗುವುದು ಎರಡೇ: ಬಾಲದ ಉದ್ದ ಮತ್ತು ತಿರುಗಿಸಬೇಕಾದ ನಿಮಿಷ. 5 ಸೆಂ.ಮೀ. ತ್ರಿಜ್ಯದ ರಟ್ಟಿಗೆ ಬೆಂಗಳೂರಲ್ಲಿ ಬಾಲ 21.7 ಸೆಂ.ಮೀ., ತಿರುವು 20 ನಿಮಿಷ. ಮೈಸೂರಿಗೆ 22.9 ಮತ್ತು 23. ಮಂಗಳೂರಿಗೆ 21.9 ಮತ್ತು 31. ಕಲಬುರಗಿಗೆ 16 ಮತ್ತು 23. ನಿಮಿಷವನ್ನು ಡಿಗ್ರಿ ಮಾಡಲು ನಾಲ್ಕರಿಂದ ಭಾಗಿಸಿ. ದೊಡ್ಡ ಹಲಗೆಗೆ ದಾರದ ಅಂತರ ಬೇಕಾದರೆ 250ನ್ನು ಬಾಲದ ಉದ್ದದಿಂದ ಭಾಗಿಸಿ, 50 ಸೆಂ.ಮೀ. ದಾರಕ್ಕೆ ಎಷ್ಟು ಎಂಬುದು ಸೆಂಟಿಮೀಟರ್‌ನಲ್ಲೇ ಸಿಗುತ್ತದೆ. ಭಾಗಾಕಾರ ಮಕ್ಕಳಿಂದಲೇ ಮಾಡಿಸಿ, ತಿರುವಿನ ನಿಮಿಷವನ್ನು ಮಾತ್ರ ಅವರೇ ಅಳೆಯುವವರೆಗೆ ಹೇಳಬೇಡಿ.